ಶಾಲು ಹೊದಿಸಿದರೆ ಮುಗಿಯಿತಾ? ಸಭೆಯಲ್ಲಿ ದುಡಿಯುವವರನ್ನು ನೋಡಿಕೊಳ್ಳುವವರು ಯಾರು?

ಘಟಪ್ರಭಾ ದಂಡೆ, ಬಾಗಲಕೋಟೆ (ಚರ್ಚೆ ಆರಂಭಿಸಿದವರು)

ಕರ್ತನ ಹೆಸರಿನಲ್ಲಿ ಎಲ್ಲರಿಗೂ ವಂದನೆ. ನವನಗರದಿಂದ ಬರೆಯುತ್ತಿದ್ದೇನೆ. ನಮ್ಮ ಚರ್ಚ್ ಸಭೆಗೆ 9 ವರ್ಷದಿಂದ ನಾನೇ ಖಜಾಂಚಿ. ಬರಹ ಸ್ವಲ್ಪ ಉದ್ದ ಇದೆ. ದಯವಿಟ್ಟು ಪೂರ್ತಿ ಓದಿ, ನಿಮ್ಮ ಸಭೆಯಲ್ಲಿ ಹೇಗಿದೆ ಅಂತ ಹೇಳಿ.

ಹೋದ ತಿಂಗಳು ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ನಾವು ಮೂವರು ಕೂತು ಕಾಣಿಕೆ ಎಣಿಸುತ್ತಿದ್ದೆವು. ಒಂದು ಕವರ್ ಒಡೆದರೆ ಒಳಗೆ ದುಡ್ಡಿಲ್ಲ, ಒಂದು ಕೀಲಿಕೈ ಇದೆ. ಸಣ್ಣ ಹಿತ್ತಾಳೆ ಕೀಲಿಕೈ, ಅದಕ್ಕೆ ಕಟ್ಟಿದ ಕೆಂಪು ಉಲ್ಲನ್ ದಾರ. ಕವರಿನ ಮೇಲೆ ಹೆಸರಿಲ್ಲ. ಹೆಸರು ಬೇಕಾಗಿಯೂ ಇರಲಿಲ್ಲ. ಅದು ಸಂಡೇ ಸ್ಕೂಲ್ ಕಪಾಟಿನ ಕೀಲಿಕೈ. 17 ವರ್ಷ ಒಬ್ಬ ಅಕ್ಕನ ಸೊಂಟದಲ್ಲಿ ಇದ್ದದ್ದು. ನನ್ನ ಇಬ್ಬರು ಮಕ್ಕಳೂ ಮೊದಲ ಬೈಬಲ್ ವಾಕ್ಯ ಬಾಯಿಪಾಠ ಮಾಡಿದ್ದು ಅವರ ಹತ್ತಿರವೇ.

ಅವತ್ತೇ ಸಂಜೆ ಕಮಿಟಿ ಕೂಡಿತು. "ಯಾಕೆ ಬಿಟ್ಟರಂತೆ?" ಅಂತ ಒಬ್ಬರು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬಂತು: "ಈಗ ಯಾರನ್ನು ಹಾಕೋಣ?" ಮುಂದಿನ ಅರ್ಧ ಗಂಟೆ ಬರೀ ಅದೇ ಮಾತು. ಮೊದಲ ಪ್ರಶ್ನೆಯನ್ನು ಎಲ್ಲರೂ ಅಲ್ಲೇ ಬಿಟ್ಟೆವು.

ಮಂಗಳವಾರ ನಾನೂ ನನ್ನ ಹೆಂಡತಿಯೂ ಅವರ ಮನೆಗೆ ಹೋದೆವು. ಚಹಾ ಕೊಟ್ಟರು. ಸಿಟ್ಟಿಲ್ಲ, ಬೇಜಾರಿನ ಮಾತೂ ಇಲ್ಲ. "17 ವರ್ಷದಲ್ಲಿ ನಾನು ಒಂದು ಪ್ರಸಂಗ ಪೂರ್ತಿ ಕೇಳಿಲ್ಲಪ್ಪಾ," ಅಂದರು. ಹೌದಲ್ವಾ! ಪಾಸ್ಟರ್ ಪ್ರಸಂಗ (ಪ್ರವಚನ) ಶುರು ಮಾಡುವ ಮೊದಲು ಮಕ್ಕಳನ್ನು ಸಾಲು ಮಾಡಿ ಹಿಂದಿನ ಕೋಣೆಗೆ ಕರೆದುಕೊಂಡು ಹೋಗುವವರು ಅವರು. ವಾಪಸ್ ಬರುವ ಹೊತ್ತಿಗೆ ಕೊನೆಯ ಕೀರ್ತನೆ ನಡೆದಿರುತ್ತದೆ. ಎರಡು ವರ್ಷದ ಹಿಂದೆ ಅವರ ಯಜಮಾನರು ತೀರಿಕೊಂಡರು. ಮಣ್ಣು ಮಾಡಿ ಬಂದ ಎರಡನೇ ಭಾನುವಾರ ಅಕ್ಕ ಮತ್ತೆ ಆ ಕೋಣೆಯಲ್ಲಿದ್ದರು. ನಾವೆಲ್ಲ "ಎಂಥ ನಂಬಿಕೆ" ಅಂತ ಹೊಗಳಿದೆವು. "ಎರಡು ತಿಂಗಳು ನೀವು ಸುಮ್ನೆ ಬೆಂಚಿನ ಮೇಲೆ ಕೂತ್ಕೊಳ್ಳಿ ಅಕ್ಕಾ, ಮಕ್ಕಳನ್ನು ನಾವು ನೋಡ್ತೀವಿ ಅಂತ ಯಾರಾದರೂ ಹೇಳ್ತಾರೆ ಅಂದ್ಕೊಂಡಿದ್ದೆ," ಅಂದರು. ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮನೆಗೆ ಬಂದು 9 ವರ್ಷದ ಲೆಕ್ಕದ ಪುಸ್ತಕ ತೆಗೆದು ಕೂತೆ. ಸುಣ್ಣಬಣ್ಣ, ಕುರ್ಚಿ, ಫ್ಯಾನು, ಆಂಪ್ಲಿಫೈಯರ್, ಸುಗ್ಗಿ ಹಬ್ಬದ ಪೆಂಡಾಲು, ಕ್ರಿಸ್ಮಸ್ ಕೇಕು ಎಲ್ಲಕ್ಕೂ ರಸೀದಿ ಇದೆ. ಅಕ್ಕನ ಹೆಸರಿನಲ್ಲಿ ಎರಡೇ ಖರ್ಚು ಸಿಕ್ಕವು. ಎರಡೂ ಶಾಲು.

ಶಾಲು ತಪ್ಪು ಅಂತ ನಾನು ಹೇಳುತ್ತಿಲ್ಲ. ಪ್ರೀತಿಯಿಂದಲೇ ಹೊದಿಸಿದ್ದೇವೆ. ಆದರೆ ಕಟ್ಟಡದ ಸೀಲಿಂಗ್ ಸೋರಿದರೆ ಅದೇ ವಾರ ಮೇಸ್ತ್ರಿಯನ್ನು ಕರೆಸುತ್ತೇವೆ. ಮನುಷ್ಯರು ಒಳಗೊಳಗೇ ಸೋರುತ್ತಿದ್ದರೆ ನಮಗೆ ಗೊತ್ತೇ ಆಗುವುದಿಲ್ಲ. ಪಾಸ್ಟರ್, ಹಿರಿಯರು, ಸಂಡೇ ಸ್ಕೂಲ್ ಟೀಚರು, ಕ್ವಾಯರ್, ಕಸ ಗುಡಿಸುವವರು, ಗಂಟೆ ಹೊಡೆಯುವವರು, ಇವರನ್ನೆಲ್ಲ ನೋಡಿಕೊಳ್ಳುವುದು ಯಾರ ಕೆಲಸ? ನಿಮ್ಮಲ್ಲಿ ಯಾರಾದರೂ ಇದನ್ನು ಸರಿಯಾಗಿ ಮಾಡುತ್ತಿದ್ದೀರಾ?

ಕ್ಯಾಂಪ್ ಹಿರಿಯ, ಬೆಳಗಾವಿ

ತಮ್ಮಾ, ನಿಮ್ಮ ಕೀಲಿಕೈ ಕಥೆ ಓದಿ ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟೆ. ನಾನು ನಿವೃತ್ತ ಮೇಷ್ಟ್ರು, ಮೆಥಡಿಸ್ಟ್ ಸಭೆಯವನು.

ನಮ್ಮ ಬೆಳಗಾವಿಗೆ ಲಂಡನ್ ಮಿಷನ್ ಬಂದದ್ದು 1820ರಲ್ಲಿ. ಜೋಸೆಫ್ ಟೇಲರ್ ಮೊದಲು ಬಂದವರು. 1904ರಲ್ಲಿ ಆ ಕೆಲಸ ಮೆಥಡಿಸ್ಟರ ಕೈಗೆ ಬಂತು. ಬೆನನ್ ಸ್ಮಿತ್ ಅಂದರೆ ಇವತ್ತಿಗೂ ಊರಿಗೆಲ್ಲ ಗೊತ್ತು, ಶಾಲೆಗೇ ಆ ಹೆಸರು ಇದೆ. ಆದರೆ ಮಿಷನರಿಗಳ ಜೊತೆ ಹಳ್ಳಿ ಹಳ್ಳಿ ತಿರುಗಿದ ಉಪದೇಶಿಗಳು, ಮನೆ ಮನೆಗೆ ಹೋಗಿ ಹೆಂಗಸರಿಗೆ ಓದು ಹೇಳಿಕೊಟ್ಟ ಬೈಬಲ್ ಅಮ್ಮಂದಿರು, ಅವರ ಹೆಸರು ಯಾವ ಕಲ್ಲಿನ ಮೇಲೆ ಇದೆ? ದುಡಿದವರನ್ನು ಮರೆಯುವುದು ನಮಗೆ ಹಳೇ ಅಭ್ಯಾಸ.

ಒಂದು ವಿಷಯ ಮಾತ್ರ ಹೇಳುತ್ತೇನೆ, ಪಾಸ್ಟರ್‌ಗಳ ವರ್ಗಾವಣೆ. ನಮ್ಮಲ್ಲಿ ಪಾಸ್ಟರ್ ಒಂದೇ ಕಡೆ ಇರುವುದಿಲ್ಲ. ವೆಸ್ಲಿ ಕಾಲದಿಂದ ಬಂದ ಪದ್ಧತಿ ಅದು. ಕಾನ್ಫರೆನ್ಸಿನಲ್ಲಿ ಬಿಷಪ್ ಹೆಸರು ಓದುತ್ತಾರೆ, ಆಮೇಲೆ ಗಂಟುಮೂಟೆ ಕಟ್ಟಬೇಕು. ನಾನು ಕಮಿಟಿಯಲ್ಲಿದ್ದಾಗ ಒಮ್ಮೆ ಹೊಸ ಪಾಸ್ಟರ್ ಕುಟುಂಬ ರಾತ್ರಿ 9ಕ್ಕೆ ಲಾರಿಯಲ್ಲಿ ಬಂದಿಳಿಯಿತು. ಜೋರು ಮಳೆ. ಪಾರ್ಸನೇಜಿನಲ್ಲಿ, ಅಂದರೆ ಸಭೆ ಪಾಸ್ಟರ್‌ಗೆ ಕೊಡುವ ಮನೆಯಲ್ಲಿ, ಬಲ್ಬ್ ಇರಲಿಲ್ಲ, ಗ್ಯಾಸ್ ಇರಲಿಲ್ಲ. ಸಣ್ಣ ಮಗಳು ಟ್ರಂಕಿನ ಮೇಲೆ ಕೂತು ನಿದ್ದೆ ಹೋಗಿದ್ದಳು. ಮರುದಿನ ಸ್ವಾಗತ ಸಮಾರಂಭಕ್ಕೆ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ತಯಾರಿತ್ತು.

ಅವತ್ತಿನಿಂದ ನಾವು ಒಂದು ರೂಢಿ ಮಾಡಿಕೊಂಡಿದ್ದೇವೆ. ಹೊಸಬರು ಬರುವ ವಾರ ನಾಲ್ಕು ಮನೆಯವರು ಕೀಲಿ ಇಸಿದುಕೊಂಡು ಒಳಗೆ ಹೋಗುತ್ತಾರೆ. ನಲ್ಲಿ ತಿರುಗಿಸಿ ನೋಡುತ್ತಾರೆ. ಜೋಳದ ಹಿಟ್ಟು, ಅಕ್ಕಿ, ಎಣ್ಣೆ, ಶೇಂಗಾ ಚಟ್ನಿ ಪುಡಿ ಅಡುಗೆಮನೆಯಲ್ಲಿ ಇಡುತ್ತಾರೆ. ಮಕ್ಕಳ ಶಾಲೆಗೆ ಅಡ್ಮಿಷನ್ ಮಾತಾಡಿ ಇಡುತ್ತಾರೆ. ಮೂರು ದಿನ ರಾತ್ರಿ ಊಟ ಬೇರೆ ಬೇರೆ ಮನೆಯಿಂದ ಹೋಗುತ್ತದೆ. ಸಮಾರಂಭ ಎರಡು ವಾರ ಬಿಟ್ಟು. ಹೊರಟು ಹೋಗುವ ಕುಟುಂಬಕ್ಕೂ ಹೀಗೇ ಮಾಡಬೇಕು. ಅದನ್ನು ನಾವು ಇನ್ನೂ ಸರಿಯಾಗಿ ಮಾಡುತ್ತಿಲ್ಲ.

ದಾಸನು ನಾನು, ಮುಧೋಳ ಕಡೆ

ನನ್ನ ಅಭಿಪ್ರಾಯ ಬೇರೆ ಇದೆ, ತಪ್ಪು ತಿಳಿಯಬೇಡಿ. ಸೇವೆ ಅಂದರೆ ಸೇವೆ. ದೇವರಿಗೆ ಮಾಡುತ್ತೇವೆ, ದೇವರೇ ಪ್ರತಿಫಲ ಕೊಡುತ್ತಾನೆ. ರಜೆ, ಭತ್ಯೆ, ಬಜೆಟ್ ಅಂತ ಶುರು ಮಾಡಿದರೆ ಸಭೆಗೂ ಸರ್ಕಾರಿ ಆಫೀಸಿಗೂ ಏನು ವ್ಯತ್ಯಾಸ? ನಮ್ಮ ಅಜ್ಜ 40 ವರ್ಷ ಸಭಾ ಹಿರಿಯರಾಗಿದ್ದರು. ಒಂದು ದಿನ ದಣಿವು ಅಂದವರಲ್ಲ.

ಇನ್ನೊಂದು ಮಾತು. ನಮ್ಮದು 30 ಮನೆಯ ಸಭೆ. ಹೆಚ್ಚಿನವರು ಕಬ್ಬಿನ ಕೆಲಸಕ್ಕೆ ಹೋಗುವವರು. ದುಡ್ಡು ಎಲ್ಲಿಂದ ತರುವುದು?

ಖಣದೂರಿನ ಮಗಳು, ಗುಳೇದಗುಡ್ಡ

ನಮ್ಮ ಮನೆಯಲ್ಲಿ ಮೂರು ತಲೆಮಾರು ಮಗ್ಗ. ಬಾಸೆಲ್ ಮಿಷನ್ನಿನವರು ನಮ್ಮೂರಿಗೆ ಬಂದದ್ದು 1851ರಲ್ಲಿ. ಆವಾಗಿನಿಂದ ಇಲ್ಲಿ ಸಭೆಯೂ ಮಗ್ಗವೂ ಅಕ್ಕಪಕ್ಕದಲ್ಲೇ ಬೆಳೆದಿವೆ. ಅದಕ್ಕೇ ಮಗ್ಗದ ಮಾತಿನಲ್ಲೇ ಹೇಳುತ್ತೇನೆ.

ಕುಣಿ ಮಗ್ಗದಲ್ಲಿ ಖಣ (ರವಿಕೆ ಬಟ್ಟೆ) ನೇಯುವಾಗ ಒಂದು ಹಾಸು, ಅಂದರೆ ಮಗ್ಗಕ್ಕೆ ಕಟ್ಟಿದ ಉದ್ದೆಳೆಗಳು, ಮುಗಿಯುತ್ತಾ ಬರುತ್ತದೆ. ಆಗ ನಮ್ಮಪ್ಪ ಹಳೇ ಹಾಸನ್ನು ಕತ್ತರಿಸಿ ಬಿಸಾಡುತ್ತಿರಲಿಲ್ಲ. ಎಳೆ ತೂರಿಸುವ ಬಾಚಣಿಗೆಯಂಥ ಫಣಿಯೊಳಗೆ ಅದರ ಕೊನೆ ಇನ್ನೂ ಇರುವಾಗಲೇ ಹೊಸ ಹಾಸಿನ ಎಳೆಗಳನ್ನು ತಂದು ಒಂದೊಂದಾಗಿ ಅದಕ್ಕೆ ಕೆಚ್ಚುತ್ತಿದ್ದರು. ಬೆರಳಿಗೆ ಬೂದಿ ಹಚ್ಚಿಕೊಂಡು, ಹಳೇ ಎಳೆ ಹೊಸ ಎಳೆ ಸೇರಿಸಿ ಹುರಿ ಮಾಡುವುದು. ಸಾವಿರಾರು ಎಳೆ. ಇಡೀ ದಿನ ಅದೇ ಕೆಲಸ. ಅಮ್ಮ ಪಕ್ಕದಲ್ಲಿ ಕೂತು ಎಳೆ ಎತ್ತಿ ಕೊಡುತ್ತಿದ್ದಳು. ಕೆಚ್ಚಿದ ಮೇಲೆ ಮೆಲ್ಲಗೆ ಎಳೆದರೆ ಹೊಸ ಹಾಸು ತಾನೇ ಫಣಿಯೊಳಗಿಂದ ಈಚೆ ಬರುತ್ತದೆ. ಹಳೆಯದನ್ನು ಪೂರ್ತಿ ಹೊರಗೆ ಬಿಟ್ಟುಬಿಟ್ಟರೆ ಪ್ರತಿ ಎಳೆಯನ್ನೂ ಮೊದಲಿನಿಂದ ತೂರಿಸಬೇಕು. ಅದು ಬಹಳ ಕಷ್ಟದ ಕೆಲಸ.

ನಮ್ಮ ಸಭೆಗಳಲ್ಲಿ ನಡೆಯುವುದು ಈ ಎರಡನೆಯದು. ಟೀಚರ್ ಅಕ್ಕ ಬಿಟ್ಟು ಹೋದ ಮೇಲೆ ಯಾರನ್ನು ಹಾಕೋಣ ಅನ್ನುತ್ತೇವೆ. ಅಕ್ಕ ಇರುವಾಗಲೇ, ಕೈಯಲ್ಲಿ ಶಕ್ತಿ ಇರುವಾಗಲೇ ಒಬ್ಬ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಬೇಕಿತ್ತು. ಯಾವ ಮಗು ಗಲಾಟೆ ಮಾಡುತ್ತದೆ, ಯಾವ ಮಗುವಿನ ಮನೆಯಲ್ಲಿ ಅಪ್ಪ ಕುಡಿಯುತ್ತಾನೆ, ಯಾರಿಗೆ ಹೊಟ್ಟೆ ತುಂಬ ತಿಂಡಿ ಸಿಗುವುದಿಲ್ಲ, ಇದೆಲ್ಲ ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ಮಾತ್ರ ಬರುತ್ತದೆ. ಜೊತೆಗೆ, ಪಕ್ಕದಲ್ಲಿ ಒಬ್ಬರಿದ್ದರೆ ಅಕ್ಕನಿಗೆ ತಿಂಗಳಿಗೊಂದು ಭಾನುವಾರ ಬೆಂಚಿನ ಮೇಲೆ ಕೂರಲು ಆಗುತ್ತಿತ್ತು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಬಂಧನದಲ್ಲಿಟ್ಟರು, ಆಮೇಲೆ ದೇಶದಿಂದ ಕಳಿಸಿಬಿಟ್ಟರು. ಮಿಷನ್ನಿನ ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ಸಭೆಗಳು ಮಾತ್ರ ಉಳಿದವು. ಇಲ್ಲಿಯ ಪಾಸ್ಟರ್‌ಗಳು, ಉಪದೇಶಿಗಳು, ಮೇಷ್ಟ್ರುಗಳು ಅದಕ್ಕೆ ಮೊದಲೇ ಕಲಿತು ಸಿದ್ಧರಾಗಿದ್ದರು, ಎಳೆ ಮೊದಲೇ ಕೆಚ್ಚಿ ಆಗಿತ್ತು. ನನಗೆ ಇದು ನೆನಪಾದಾಗಲೆಲ್ಲ ಎದೆ ತುಂಬಿ ಬರುತ್ತದೆ.

ಗುಮ್ಮಟದ ನೆರಳು, ವಿಜಯಪುರ

ನಾನು ಪಾಸ್ಟರಮ್ಮ. ನಮ್ಮದು ಸ್ವತಂತ್ರ ಸಭೆ. ಮೇಲೆ ಬಿಷಪ್ ಇಲ್ಲ, ಪಿಂಚಣಿ ಇಲ್ಲ, ಪಾರ್ಸನೇಜ್ ಇಲ್ಲ. ಬಾಡಿಗೆ ಮನೆ, ಮೇಲಿನ ಹಾಲ್‌ನಲ್ಲಿ ಆರಾಧನೆ. ಈ ಮಾತುಗಳನ್ನು ನಮ್ಮ ಸಭೆಯಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೆ ಇಲ್ಲಿ ಹೇಳುತ್ತಿದ್ದೇನೆ.

ಒಂದು ಶನಿವಾರ ರಾತ್ರಿ ಹೇಗಿರುತ್ತದೆ ಅಂತ ಹೇಳುತ್ತೇನೆ. ಎಂಟೂವರೆಗೆ ತಟ್ಟೆಗೆ ಬಿಸಿ ರೊಟ್ಟಿ ಹಾಕಿದೆ, ಬದನೆಕಾಯಿ ಎಣಗಾಯಿ ಹಾಕಿದೆ. ಒಂದು ತುತ್ತು ಮುರಿದರು, ಫೋನ್ ಬಂತು. ಒಬ್ಬ ತಾಯಿ, ಮಗ ಮನೆ ಬಿಟ್ಟು ಹೋಗಿದ್ದಾನೆ. ಅರ್ಧ ಗಂಟೆ ಮಾತಾಡಿ ಪ್ರಾರ್ಥನೆ ಮಾಡಿದರು. ಮತ್ತೆ ಕೂತರು. ಇನ್ನೊಂದು ಫೋನ್, ಕೀಬೋರ್ಡ್ ಹುಡುಗ ನಾಳೆ ಬರುವುದಿಲ್ಲವಂತೆ. ಆಮೇಲೆ ಹಾಲ್ ಮಾಲೀಕರು. ಹತ್ತೂವರೆಗೆ ತಟ್ಟೆ ನೋಡಿದರೆ ಅದೇ ಒಂದು ತುತ್ತು ಮುರಿದ ರೊಟ್ಟಿ, ಹಪ್ಪಳದ ಹಾಗೆ ಆಗಿತ್ತು. "ಬಿಸಿ ಮಾಡಲಾ?" ಅಂದೆ. "ಹಸಿವು ಹೋಯ್ತು," ಅಂದರು. ಆಮೇಲೆ ಒಂದು ಗಂಟೆಯವರೆಗೆ ಪ್ರಸಂಗ ಬರೆದರು. ಬೆಳಿಗ್ಗೆ ವೇದಿಕೆ ಮೇಲೆ ನಿಂತು ನಗುತ್ತಾ "ಹಲ್ಲೆಲೂಯ" ಅಂದರು. ಕೆಳಗೆ ಕೂತವರಿಗೆ ಏನು ಗೊತ್ತಾಗುತ್ತದೆ?

ಹೋದ ವರ್ಷ ಅವರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಯಿತು. ಎಷ್ಟು ದಿನದಿಂದ ಇತ್ತೋ! ಪರೀಕ್ಷೆ ಮಾಡಿಸಿಕೊಳ್ಳಲು ಸಮಯವೇ ಸಿಕ್ಕಿರಲಿಲ್ಲ. ಸಭೆಯಲ್ಲಿ ಯಾರಿಗೆ ಜ್ವರ ಬಂದರೂ ಇವರು ಆಸ್ಪತ್ರೆಗೆ ಓಡುತ್ತಾರೆ. ಇವರ ಜೊತೆ ಆಸ್ಪತ್ರೆಗೆ ಬಂದವಳು ನಾನೊಬ್ಬಳೇ.

ನನ್ನದೂ ಒಂದು ಮಾತು ಇದೆ. ಪಾಸ್ಟರಮ್ಮ ಅಂದರೆ ಸ್ತ್ರೀ ಕೂಟ ನಡೆಸಬೇಕು, ಸಂಡೇ ಸ್ಕೂಲ್ ನೋಡಬೇಕು, ಬಂದವರಿಗೆಲ್ಲ ಚಹಾ ಮಾಡಬೇಕು, ನಮ್ಮ ಮಕ್ಕಳು ಮಾತ್ರ ಗಲಾಟೆ ಮಾಡಬಾರದು. ಯಾರೂ ನನ್ನನ್ನು ನೇಮಿಸಿಲ್ಲ, ಯಾರೂ ಕೇಳಿಲ್ಲ. ಮದುವೆ ಆದದ್ದೇ ನೇಮಕಾತಿ. ನನಗೆ ಈ ಕೆಲಸ ಇಷ್ಟ, ನಿಜವಾಗಿ ಇಷ್ಟ. ಆದರೂ "ನಿಮಗೆ ಹೇಗಿದೆ ಅಮ್ಮಾ?" ಅಂತ ಯಾರಾದರೂ ಕೇಳಿ, ಉತ್ತರ ಕೇಳುವವರೆಗೆ ನಿಂತರೆ ಎಷ್ಟು ಚೆನ್ನ.

ಘಟಪ್ರಭಾ ದಂಡೆ, ಬಾಗಲಕೋಟೆ

ಅಮ್ಮಾ, ಹೇಗಿದ್ದೀರಿ? ಉತ್ತರ ಬರೆಯಿರಿ, ಎಷ್ಟೇ ಉದ್ದ ಇದ್ದರೂ ನಾನು ಓದುತ್ತೇನೆ. ನಿಮ್ಮ ಯಜಮಾನರ ಆರೋಗ್ಯಕ್ಕಾಗಿ ನಮ್ಮ ಮನೆಯಲ್ಲಿ ಪ್ರಾರ್ಥಿಸುತ್ತೇವೆ.

ಮುಧೋಳದ ಅಣ್ಣನವರಿಗೆ ಪ್ರೀತಿಯಿಂದ ಹೇಳುತ್ತೇನೆ. ಪ್ರತಿಫಲ ದೇವರಿಂದ ಅನ್ನುವುದು ಸತ್ಯ. ಆದರೆ ಆ ದೇವರೇ ದುಡಿಯುವವರ ಬಗ್ಗೆ ಏನು ಹೇಳಿದ್ದಾನೆ ನೋಡಿ. ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬೇಡ ಅಂತ ಬೈಬಲಿನ ಧರ್ಮೋಪದೇಶಕಾಂಡದಲ್ಲಿದೆ. ಪೌಲನು ತಿಮೊಥೆಯನಿಗೆ ಬರೆಯುವಾಗ ಸಭೆಯ ಹಿರಿಯರ ವಿಷಯದಲ್ಲೇ ಆ ಮಾತು ಎತ್ತುತ್ತಾನೆ. ನಾವು ಜೋಳ ಬೆಳೆಯುವ ಸೀಮೆಯವರು, ಇದನ್ನು ಯಾರೂ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕಣದಲ್ಲಿ ಎತ್ತು ತಿರುಗುತ್ತಾ ನಾಲ್ಕು ತೆನೆ ಬಾಯಿಗೆ ಹಾಕಿಕೊಂಡರೆ ನಮ್ಮಜ್ಜ ಬೈಯುತ್ತಿರಲಿಲ್ಲ.

ಪ್ರವಾದಿ ಎಲೀಯನ ಕಥೆ ನನಗೆ ಈ ತಿಂಗಳು ಬೇರೆ ಥರ ಕಂಡಿತು. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಕೆಲಸ ಮಾಡಿದ ಮನುಷ್ಯ, ಸ್ವಲ್ಪ ದಿನದಲ್ಲೇ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು "ಸಾಕು, ನನ್ನ ಪ್ರಾಣ ತಗೋ" ಅನ್ನುತ್ತಾನೆ. ದೇವರು ಬೈಯಲಿಲ್ಲ, ನಂಬಿಕೆ ಕಡಿಮೆ ಆಯಿತು ಅನ್ನಲಿಲ್ಲ. ಮಲಗಲು ಬಿಟ್ಟ. ದೂತನು ಮುಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಊಟ. ಎರಡು ಊಟ, ಎರಡು ನಿದ್ದೆ ಆದ ಮೇಲೆ ನಡಿಗೆ, ಆಮೇಲೆ ಮಾತು. ಅದಾದ ಮೇಲೆ ಎಲೀಷನನ್ನು ಜೊತೆಗೆ ಕೊಟ್ಟ. ಗುಳೇದಗುಡ್ಡದ ತಂಗಿ ಹೇಳಿದ ಕೆಚ್ಚುವ ಕೆಲಸ ಅಲ್ಲೂ ಇದೆ.

ಇನ್ನೊಂದು, ನನಗೆ ಮೊದಲು ಗೊತ್ತೇ ಇರಲಿಲ್ಲ. ಬೈಬಲಿನ ಅರಣ್ಯಕಾಂಡ ಎಂಟನೇ ಅಧ್ಯಾಯದಲ್ಲಿ, ದೇವರ ಗುಡಾರದ ಸೇವೆ ಮಾಡುವ ಲೇವಿಯರು 25ನೇ ವಯಸ್ಸಿನಿಂದ ಕೆಲಸಕ್ಕೆ ಸೇರಬೇಕು, 50ಕ್ಕೆ ಭಾರದ ಕೆಲಸ ಬಿಡಬೇಕು, ಆಮೇಲೆ ತಮ್ಮವರಿಗೆ ಸಹಾಯ ಮಾಡಿಕೊಂಡು ಇರಬಹುದು ಅಂತ ಇದೆ. ಗುಡಾರ ಹೊರುವವರಿಗೂ ವಯಸ್ಸಿನ ಲೆಕ್ಕ ಇಟ್ಟಿದ್ದರು. ನಮ್ಮಲ್ಲಿ 70 ದಾಟಿದ ಹಿರಿಯರು ಇನ್ನೂ ಕುರ್ಚಿ ಎತ್ತಿ ಹಾಕುತ್ತಿದ್ದಾರೆ.

ಕೇಬಲ್ ಸುತ್ತುವ ಹುಡುಗ, ಬೆಳಗಾವಿ

ಸೌಂಡ್ ಸಿಸ್ಟಂ ನನ್ನದು. ಇಂಜಿನಿಯರಿಂಗ್ ಮೂರನೇ ವರ್ಷ. ಒಂಬತ್ತನೇ ಕ್ಲಾಸಿನಿಂದ ಮಾಡುತ್ತಿದ್ದೇನೆ.

ಒಮ್ಮೆ "ಆಗುತ್ತೆ" ಅಂದರೆ ಸಾಕು, ಎಲ್ಲವೂ ನಿಮ್ಮ ತಲೆ ಮೇಲೆ ಬರುತ್ತದೆ. ಸೌಂಡ್, ಪ್ರೊಜೆಕ್ಟರ್, ಲೈವ್, ಪೋಸ್ಟರ್ ಡಿಸೈನ್, ಹಿರಿಯರ ಮೊಬೈಲ್ ರಿಪೇರಿ. ಡಿಸೆಂಬರ್‌ನಲ್ಲಿ ಕ್ಯಾರಲ್ ಸುತ್ತು ಮುಗಿಸಿ ರಾತ್ರಿ ಒಂದು ಗಂಟೆಗೆ ಕೇಬಲ್ ಸುತ್ತುತ್ತೇನೆ, ನನ್ನ ಇಂಟರ್ನಲ್ಸ್ ಕೂಡ ಆಗಲೇ. ಎರಡು ಗಂಟೆ ಕಾರ್ಯಕ್ರಮ ಚೆನ್ನಾಗಿ ಹೋದರೆ ಯಾರಿಗೂ ನಾನು ಕಾಣಿಸುವುದಿಲ್ಲ. ಮೈಕ್ ಒಂದು ಸಲ ಕುಂಯ್ ಅಂದರೆ ಇಡೀ ಸಭೆ ಹಿಂದೆ ತಿರುಗಿ ನನ್ನನ್ನು ನೋಡುತ್ತದೆ.

ನನಗೆ ದುಡ್ಡು ಬೇಡ. ನನ್ನ ಜೊತೆ ಇನ್ನಿಬ್ಬರು ಕಲಿಯಲಿ. ಪರೀಕ್ಷೆ ತಿಂಗಳಲ್ಲಿ ನನಗೆ ಮೆಸೇಜ್ ಮಾಡಬೇಡಿ. ಸೌಂಡ್ ಕಲಿಸುವ ಎರಡು ದಿನದ ತರಬೇತಿ ಎಲ್ಲಾದರೂ ಇದ್ದರೆ ಬಸ್ ಚಾರ್ಜ್ ಕೊಟ್ಟು ಕಳಿಸಿ. ನನ್ನ ಮೇಲೆ ಸಭೆ ಖರ್ಚು ಮಾಡಿದರೆ, ನಾನು ಇಲ್ಲಿ ಬೇಕಾದವನು ಅಂತ ನನಗೆ ಅನ್ನಿಸುತ್ತದೆ.

ಪಾಸ್‌ಬುಕ್, ಜಮಖಂಡಿ

ಬ್ಯಾಂಕಿನಲ್ಲಿ ಕೆಲಸ. ವಿಜಯಪುರದ ಅಮ್ಮನವರಿಗೂ ಅವರಂಥವರಿಗೂ ಬರೆಯುತ್ತಿದ್ದೇನೆ. ಸ್ವತಂತ್ರ ಸಭೆಯ ಪಾಸ್ಟರ್‌ಗಳಿಗೆ ಪಿಎಫ್ ಇರುವುದಿಲ್ಲ. ಆದರೂ ದಾರಿ ಇದೆ.

ಅಟಲ್ ಪಿಂಚಣಿ ಯೋಜನೆಗೆ 18ರಿಂದ 40 ವರ್ಷದೊಳಗಿನವರು ಸೇರಬಹುದು. ಆದಾಯ ತೆರಿಗೆ ಕಟ್ಟುವವರಿಗೆ 2022ರ ಅಕ್ಟೋಬರ್‌ನಿಂದ ಅವಕಾಶ ಇಲ್ಲ. 60 ಆದ ಮೇಲೆ ತಿಂಗಳಿಗೆ 5,000 ರೂಪಾಯಿ ಬರಬೇಕು ಅಂದರೆ, 30ರಲ್ಲಿ ಸೇರಿದವರು ತಿಂಗಳಿಗೆ 577 ಕಟ್ಟಬೇಕು, 40ರಲ್ಲಿ ಸೇರಿದರೆ 1,454. ತಡ ಮಾಡಿದಷ್ಟೂ ಭಾರ ಜಾಸ್ತಿ. ಪಿಂಚಣಿದಾರರು ತೀರಿಕೊಂಡರೆ ಗಂಡ ಅಥವಾ ಹೆಂಡತಿಗೆ ಅದೇ ಪಿಂಚಣಿ ಮುಂದುವರಿಯುತ್ತದೆ. ಚಿಕ್ಕ ವಯಸ್ಸಿನ ಪಾಸ್ಟರ್ ಇದ್ದರೆ ಆ 577 ರೂಪಾಯಿಯನ್ನು ಸಭೆಯೇ ಕಟ್ಟಲಿ. ಒಂದು ಹಾರ, ಒಂದು ಶಾಲು, ಒಂದು ಹಣ್ಣಿನ ಬುಟ್ಟಿಗೆ ಎಷ್ಟು ಆಗುತ್ತದೆ ಅಂತ ಖಜಾಂಚಿಯವರಿಗೆ ಗೊತ್ತಿದೆ.

40 ದಾಟಿದವರಿಗೆ ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ ಇದೆ, 70ರವರೆಗೂ ಸೇರಬಹುದು. ಅಪಘಾತ ವಿಮೆ, ಅಂದರೆ ಸುರಕ್ಷಾ ಬಿಮಾ, ವರ್ಷಕ್ಕೆ ಬರೀ 20 ರೂಪಾಯಿ, 2 ಲಕ್ಷದ ರಕ್ಷಣೆ. ಜೀವನ್ ಜ್ಯೋತಿ ಅನ್ನುವ ಜೀವ ವಿಮೆ ವರ್ಷಕ್ಕೆ 436, ಅದೂ 2 ಲಕ್ಷ, 50 ವರ್ಷದೊಳಗೆ ಸೇರಬೇಕು. ರಾತ್ರಿ ಬೈಕಿನಲ್ಲಿ ಹಳ್ಳಿ ಪ್ರಾರ್ಥನಾ ಕೂಟಕ್ಕೆ ಹೋಗುವವರು ಎಷ್ಟು ಜನ ಇದ್ದಾರೆ! ತಲೆಗೆ 20 ರೂಪಾಯಿ ಸಭೆಗೆ ಭಾರವೇ?

ಟೀಚರ್ ಮಿಸ್, ವಿಜಯಪುರ

ಚಿಕ್ಕ ಮಾತು, ಆದರೆ ತುಂಬ ಮುಖ್ಯ. ನಮ್ಮಲ್ಲಿ ಮೇ ರಜೆಯಲ್ಲಿ ವಿಬಿಎಸ್, ಅಂದರೆ ಮಕ್ಕಳ ರಜಾ ಬೈಬಲ್ ಶಾಲೆ ಇಡುತ್ತೇವೆ. 40 ಡಿಗ್ರಿ ಬಿಸಿಲಿನಲ್ಲಿ ನೂರು ಮಕ್ಕಳು. ಒಬ್ಬೊಬ್ಬರೇ ಟೀಚರ್ ಒಂದು ಕೋಣೆಯಲ್ಲಿ ಬೇಡವೇ ಬೇಡ. ಯಾವಾಗಲೂ ಇಬ್ಬರು ದೊಡ್ಡವರು ಇರಲಿ, ಬಾಗಿಲು ತೆರೆದಿರಲಿ. ಮಕ್ಕಳಿಗೂ ರಕ್ಷಣೆ, ಟೀಚರಿಗೂ ರಕ್ಷಣೆ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಮಗುವಿನ ಮೇಲೆ ದೌರ್ಜನ್ಯ ಆಗಿದೆ ಅಂತ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಸಭೆಯೊಳಗೇ ಮುಚ್ಚಿಹಾಕುವ ಹಾಗಿಲ್ಲ. ಇದನ್ನು ನಮ್ಮ ಸ್ವಯಂಸೇವಕರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಕಲಿಸದೆ ಕೋಣೆಗೆ ಕಳಿಸುವುದು ಅವರಿಗೆ ಮಾಡುವ ಅನ್ಯಾಯ.

ರಾತ್ರಿ ಪಾಳಿ, ಬೆಳಗಾವಿ

ನಾನು ನರ್ಸ್. ದಣಿವು ಬೇರೆ, ಮನಸ್ಸು ಕುಸಿಯುವುದು ಬೇರೆ. ಎರಡು ದಿನ ಮಲಗಿ ಎದ್ದರೆ ಹೋಗುವುದು ದಣಿವು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಪ್ರಾರ್ಥನೆಗೆ ಕೂತರೂ ಖಾಲಿ ಖಾಲಿ, ಬದುಕೇ ಬೇಡ ಅನ್ನಿಸುತ್ತದೆ ಅಂದರೆ ಅದಕ್ಕೆ ಡಾಕ್ಟರು ಬೇಕು. ನಂಬಿಕೆ ಕಡಿಮೆ ಆಯಿತು ಅಂತ ಅವರಿಗೆ ದಯವಿಟ್ಟು ಹೇಳಬೇಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುತ್ತೇವೆ, ಇದಕ್ಕೂ ತಗೊಳ್ಳಬೇಕು.

ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ, ನಮ್ಮ ಮೂರೂ ಜಿಲ್ಲೆಯವರಿಗೆ ಬೆಂಗಳೂರಿಗಿಂತ ಹತ್ತಿರ. ಪಾಸ್ಟರ್‌ಗಳಿಗೆ ಒಂದು ಕಷ್ಟ ಇದೆ. ತಮ್ಮ ಮನಸ್ಸಿನ ಮಾತು ತಮ್ಮ ಸಭೆಯವರ ಹತ್ತಿರ ಹೇಳಲು ಆಗುವುದಿಲ್ಲ. ಬೇರೆ ಸಭೆಯ ಒಬ್ಬ ಹಿರಿಯ ಪಾಸ್ಟರ್, ನಿವೃತ್ತರಾದರೆ ಇನ್ನೂ ಒಳ್ಳೆಯದು, ತಿಂಗಳಿಗೊಮ್ಮೆ ಸುಮ್ನೆ ಕೂತು ಚಹಾ ಕುಡಿಯಲು ಸಿಕ್ಕರೆ ಅದೇ ದೊಡ್ಡ ಔಷಧ. ಸಭೆಯವರು ಅದಕ್ಕೆ ಬಿಡುವು ಕೊಡಬೇಕು, ಎಲ್ಲಿಗೆ ಹೋಗಿದ್ದಿರಿ ಅಂತ ಕೇಳಬಾರದು.

ದಾಸನು ನಾನು, ಮುಧೋಳ ಕಡೆ

ಎಲ್ಲ ಓದಿದೆ. ಕೀಲಿಕೈ ಅಕ್ಕನ ಮಾತು ಬಿಡುತ್ತಿಲ್ಲ. ನಿನ್ನೆ ಅಮ್ಮನ ಹತ್ತಿರ ಅಜ್ಜನ ಬಗ್ಗೆ ಕೇಳಿದೆ. "ಅಜ್ಜ ದಣಿದಿರಲಿಲ್ಲ ಅಂತ ಯಾರು ಹೇಳಿದ್ದು? ರಾತ್ರಿ ನಿಮ್ಮಜ್ಜಿ ಕಾಲು ತಿಕ್ಕುತ್ತಿದ್ದಳು, ಅವರು ಅಳುತ್ತಿದ್ದರು," ಅಂದಳು. ನನಗೆ ಈ ವಿಷಯ ಗೊತ್ತಿರಲಿಲ್ಲ.

ನಾನು ಒಪ್ಪುತ್ತೇನೆ. ಆದರೆ ದುಡ್ಡಿನ ಪ್ರಶ್ನೆ ಹಾಗೇ ಇದೆ. ನಮ್ಮ ಹತ್ತಿರ ಇಲ್ಲ. ಇಲ್ಲದವರು ಏನು ಮಾಡಬೇಕು?

ಘಟಪ್ರಭಾ ದಂಡೆ, ಬಾಗಲಕೋಟೆ

ಅಣ್ಣಾ, ನಿಮ್ಮ ಅಜ್ಜನವರಿಗೆ ನನ್ನ ಗೌರವ. ಅಜ್ಜಿಗೆ ಇನ್ನೂ ಜಾಸ್ತಿ.

ದುಡ್ಡು ಬೇಡದ್ದು ತುಂಬ ಇದೆ. ಇತ್ರೋ ತನ್ನ ಅಳಿಯ ಮೋಶೆಯನ್ನು ನೋಡಲು ಬಂದಾಗ ಏನೂ ದುಡ್ಡು ತಂದಿರಲಿಲ್ಲ. ಒಂದು ದಿನ ಪೂರ್ತಿ ಕೂತು ನೋಡಿದ. ಬೆಳಿಗ್ಗೆಯಿಂದ ಸಂಜೆವರೆಗೆ ಜನ ಸಾಲು ನಿಂತಿದ್ದಾರೆ, ಮೋಶೆ ಒಬ್ಬನೇ ನ್ಯಾಯ ಹೇಳುತ್ತಿದ್ದಾನೆ. ನೀನೂ ಸೋತು ಹೋಗುತ್ತೀಯ, ಈ ಜನರೂ ಸೋತು ಹೋಗುತ್ತಾರೆ ಅಂದ. ಹತ್ತು ಜನಕ್ಕೊಬ್ಬ, ಐವತ್ತಕ್ಕೊಬ್ಬ, ನೂರಕ್ಕೊಬ್ಬ ಅಂತ ಹಂಚಿಸಿದ. ನಿಮ್ಮ 30 ಮನೆಯಲ್ಲಿ ಯಾರು ಯಾವ ಕೆಲಸ ಎಷ್ಟು ವರ್ಷದಿಂದ ಮಾಡುತ್ತಿದ್ದಾರೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಒಂದೇ ಹೆಸರು ಮೂರು ಕಡೆ ಬಂದರೆ ಮೊದಲು ಅವರ ಮನೆಗೆ ಹೋಗಿ. ನಾವು ಹಾಗೆ ಬರೆದೆವು. ಒಬ್ಬ ಹುಡುಗನ ಹೆಸರು ಐದು ಕಡೆ ಬಂತು.

ನಮ್ಮಲ್ಲಿ ಈ ತಿಂಗಳು ಏನಾಯಿತು ಅಂತ ಹೇಳಿಬಿಡುತ್ತೇನೆ. ಕಮಿಟಿ ಕೂಡಿದಾಗ ಈಗ ಮೊದಲು ಲೆಕ್ಕ ಓದುವುದಿಲ್ಲ. ಮೊದಲು ದುಡಿಯುವವರ ಕ್ಷೇಮ. ಯಾರ ಮನೆಗೆ ಹೋಗಿದ್ದಿರಿ, ಹೇಗಿದ್ದಾರೆ, ಅಷ್ಟೇ. ಮೊದಲ ಸಲ ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು, ಯಾರೂ ಯಾರ ಮನೆಗೂ ಹೋಗಿರಲಿಲ್ಲ. ಎರಡನೇ ಸಲ ಮೂವರು ಮಾತಾಡಿದರು.

ಬಜೆಟ್‌ನಲ್ಲಿ ಒಂದು ಹೊಸ ಸಾಲು ಬರೆದಿದ್ದೇನೆ. ತರಬೇತಿಗೆ ಹೋಗುವವರ ಬಸ್ ಚಾರ್ಜ್, ಪೆಟ್ರೋಲ್, ವಿಮೆ, ವರ್ಷಕ್ಕೊಮ್ಮೆ ಪಾಸ್ಟರ್ ದಂಪತಿಯ ಆರೋಗ್ಯ ತಪಾಸಣೆ. ಅದಕ್ಕಾಗಿ ಈ ವರ್ಷ ಹೊಸ ಸ್ಪೀಕರ್ ಬೇಡ ಅಂತ ತೀರ್ಮಾನ ಆಯಿತು. ಒಬ್ಬರು ಒಪ್ಪಲಿಲ್ಲ, ಇನ್ನೂ ಮಾತು ನಡೆದಿದೆ.

ಪಾಸ್ಟರ್‌ಗೆ ಸೋಮವಾರ ರಜೆ ಅನ್ನುವುದು ಹೆಸರಿಗೆ ಮೊದಲೇ ಇತ್ತು. ಈಗ ಸೋಮವಾರ ಅವರ ಫೋನ್ ಒಬ್ಬ ಹಿರಿಯರ ನಂಬರಿಗೆ ಹೋಗುತ್ತದೆ. ಮರಣ, ಆಸ್ಪತ್ರೆ ಆದರೆ ಮಾತ್ರ ಅವರಿಗೆ ತಿಳಿಸುವುದು. ಮೊದಲ ಸೋಮವಾರ 14 ಫೋನ್ ಬಂದವು. ಅವರಿಗೇ ಹೇಳಬೇಕಾದದ್ದು ಅದರಲ್ಲಿ ಒಂದು. ಅವತ್ತು ಪಾಸ್ಟರ್ ಮಕ್ಕಳನ್ನು ಕರೆದುಕೊಂಡು ಬಾದಾಮಿಗೆ ಹೋಗಿದ್ದರು. ನಮ್ಮ ಜಿಲ್ಲೆಗೆ ಬಂದು ನಾಲ್ಕು ವರ್ಷ ಆಗಿದ್ದರೂ ಆ ಮಕ್ಕಳು ಬಾದಾಮಿ ನೋಡಿರಲಿಲ್ಲವಂತೆ.

ಅಕ್ಕನ ವಿಷಯ. ಕೀಲಿಕೈ ವಾಪಸ್ ತಗೊಳ್ಳಿ ಅಂತ ನಾವು ಕೇಳಲಿಲ್ಲ. ಹೋದ ಮೂರು ಭಾನುವಾರ ಅವರು ಎಡಗಡೆ ನಾಲ್ಕನೇ ಬೆಂಚಿನಲ್ಲಿ ಕೂತು ಪ್ರಸಂಗ ಕೇಳಿದರು. ಮೊದಲ ವಾರ ಮಕ್ಕಳು ಎದ್ದು ಹಿಂದಿನ ಕೋಣೆಗೆ ಹೊರಟಾಗ ಅವರೂ ಅಭ್ಯಾಸಬಲದಿಂದ ಎದ್ದು ನಿಂತರು. ಪಕ್ಕದಲ್ಲಿದ್ದ ನನ್ನ ಹೆಂಡತಿ ಕೈ ಹಿಡಿದು ಕೂರಿಸಿದಳು. ಈಗ ಇಬ್ಬರು ಹುಡುಗಿಯರು ಕ್ಲಾಸ್ ನೋಡಿಕೊಳ್ಳುತ್ತಿದ್ದಾರೆ. ಅವರಿಗೆ ಮಕ್ಕಳ ಬಗ್ಗೆ ಗೊತ್ತಿಲ್ಲದ್ದು ಬಹಳ ಇದೆ, ಬುಧವಾರ ಸಂಜೆ ಅಕ್ಕನ ಮನೆಗೆ ಹೋಗಿ ಕೇಳಿಕೊಂಡು ಬರುತ್ತಾರೆ. ಅದು ಅಕ್ಕನೇ ಕರೆದದ್ದು, ನಾವು ಹೇಳಿದ್ದಲ್ಲ.

ಕೀಲಿಕೈ ನನ್ನ ಮೇಜಿನ ಡ್ರಾಯರಿನಲ್ಲಿದೆ. ಎರಡು ನಕಲು ಮಾಡಿಸಬೇಕು. ಸೋಮವಾರದ ಫೋನಿಗೆ ತಿಂಗಳ ಮೂರನೇ ವಾರ ಇನ್ನೂ ಯಾರೂ ಸಿಕ್ಕಿಲ್ಲ, ಇವತ್ತು ಸಂಜೆ ಒಬ್ಬರ ಮನೆಗೆ ಹೋಗಿ ಕೇಳುತ್ತೇನೆ.

ಗುಮ್ಮಟದ ನೆರಳು, ವಿಜಯಪುರ

ಅಣ್ಣಾ, ಕೇಳಿದ್ದಕ್ಕೆ ಉತ್ತರ. ಇವತ್ತು ಸ್ವಲ್ಪ ಹಗುರ ಇದ್ದೇನೆ. ಈ ಮಾತುಕತೆಯನ್ನು ನಮ್ಮ ಯಜಮಾನರಿಗೆ ಓದಿ ಹೇಳಿದೆ. ಎಲೀಯನ ರೊಟ್ಟಿ ಬಂದಾಗ ನಿಲ್ಲಿಸು ಅಂದರು, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಆಮೇಲೆ ಫೋನ್ ಒಳಗಿನ ಕೋಣೆಯಲ್ಲಿ ಇಟ್ಟು ಊಟಕ್ಕೆ ಕೂತರು. ಎರಡು ರೊಟ್ಟಿ ತಿಂದರು, ಬಿಸಿ ಇರುವಾಗಲೇ.